ಮೊದಲು ಅವರ ಫೋಟೋ, ಆಮೇಲೆ ನಿಮ್ಮದು: ಯಾರೂ ನಿಂತು ನೋಡದವರ ಭಾವಚಿತ್ರ ತೆಗೆಯುವ ಬಗೆ

ಪಾತ್ರೆಗೆ ಕಲಾಯಿ ಹಾಕುವವರು, ಕೋರ್ಟಿನ ಎದುರು ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕುಳಿತವರು, ಸ್ಮಶಾನದಲ್ಲಿ ಗುಂಡಿ ತೋಡುವವರು, ಹಗಲುವೇಷದವರು, ಜೋಗತಿಯರು, ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಬೀದಿ ಬೀದಿ ಸುತ್ತುವವರು. ಇವರ ಫೋಟೋ ತೆಗೆಯುವುದೇ ನನ್ನ ಬಹುಕಾಲದ ಕೆಲಸ. ಆದ್ದರಿಂದ ಹೊಸಬರು ಕೇಳುವ ಪ್ರಶ್ನೆಗಳು ಈಗ ಬಾಯಿಪಾಠವಾಗಿವೆ. ಯಾವ ಕ್ಯಾಮೆರಾ ಬೇಕು? ಹೇಗೆ ಮಾತಿಗೆ ಎಳೆಯುವುದು? ದುಡ್ಡು ಕೊಡಬೇಕೇ? ಬೈದರೆ ಏನು ಮಾಡುವುದು? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಶುರುವಿನಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ, ಮುಂದಿನ ಹಂತಗಳೆಲ್ಲ ಅದರಿಂದಲೇ ಹುಟ್ಟಿದವು. ಸೊಪ್ಪು ಮಾರುವ ಒಬ್ಬ ಅಜ್ಜಿಯ ಮುಖವನ್ನು ತೀರ ಹತ್ತಿರದಿಂದ ತೆಗೆದಿದ್ದೆ. ಕಪ್ಪುಬಿಳುಪು, ಸುಕ್ಕು ಸುಕ್ಕಾಗಿ ಎದ್ದು ಕಾಣುವ ಹಣೆ. ನನಗೆ ಬಹಳ ಹೆಮ್ಮೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ಅಜ್ಜಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ನನ್ನ ಸೀರೆಯೇ ಕಾಣಿಸುವುದಿಲ್ಲವಲ್ಲಪ್ಪ" ಎಂದರು. ಫೋಟೋ ತೆಗೆಯುತ್ತೇನೆಂದು ಹೇಳಿದ್ದಕ್ಕೆ ಅವರು ಆ ದಿನ ಟ್ರಂಕಿನಿಂದ ಹೊಸ ಸೀರೆ ತೆಗೆದು ಉಟ್ಟು ಬಂದಿದ್ದರು. ನಾನು ಅದನ್ನು ಗಮನಿಸಿಯೂ ಇರಲಿಲ್ಲ. ಸುಕ್ಕು ನನಗೆ ಬೇಕಿತ್ತು, ಸೀರೆ ಅವರಿಗೆ ಬೇಕಿತ್ತು. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ: ಮೊದಲು ಅವರಿಗೆ ಬೇಕಾದ ಫೋಟೋ, ಆಮೇಲೆ ನನಗೆ ಬೇಕಾದದ್ದು.

ಏನೇನು ಬೇಕು

ಮೊಬೈಲ್ ಸಾಕು. ಕ್ಯಾಮೆರಾ ಇದ್ದರೆ 50 ಮಿಲಿಮೀಟರಿನ ಒಂದು ಲೆನ್ಸ್ ಸಾಕು, ಜೂಮ್ ಬೇಡ. ದೂರದಿಂದ ಕದ್ದು ತೆಗೆಯಲು ಹೇಳಿ ಮಾಡಿಸಿದ್ದು ಉದ್ದನೆಯ ಜೂಮ್, ಅದನ್ನು ಮನೆಯಲ್ಲೇ ಬಿಡಿ. ಇದರ ಜೊತೆಗೆ:

- ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಬೂದು ಅಥವಾ ಕಪ್ಪು ಬಟ್ಟೆ. ಹೊಳಪಿಲ್ಲದ ದಪ್ಪ ಹತ್ತಿಯದು, ಬಟ್ಟೆ ಅಂಗಡಿಯಲ್ಲಿ ತಾನಿನಿಂದ ಕತ್ತರಿಸಿಕೊಡುತ್ತಾರೆ.
- ಒಂದು ಬಿಳಿ ಪಂಚೆ. ಬಿಸಿಲಿಗೆ ಅಡ್ಡ ಹಿಡಿದರೆ ಬೆಳಕು ಮೆತ್ತಗಾಗುತ್ತದೆ, ಮುಖದ ಪಕ್ಕ ಹಿಡಿದರೆ ನೆರಳಿನ ಭಾಗಕ್ಕೆ ಬೆಳಕು ಚಿಮ್ಮುತ್ತದೆ. ಸ್ಟುಡಿಯೋದವರು ರಿಫ್ಲೆಕ್ಟರ್ ಎನ್ನುವುದು ಇದನ್ನೇ. ಥರ್ಮಾಕೋಲ್ ಹಲಗೆಯೂ ಆಗುತ್ತದೆ, ಆದರೆ ಅದನ್ನು ಬಸ್ಸಿನಲ್ಲಿ ಮುರಿಯದೆ ಒಯ್ಯುವುದು ಕಷ್ಟ.
- ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಹುರಿ, ನಾಲ್ಕು ಮೊಳೆ.
- ಒಂದು ನೋಟುಪುಸ್ತಕ, ಪೆನ್ನು. ಇವು ಕ್ಯಾಮೆರಾದಷ್ಟೇ ಮುಖ್ಯ. ಏಕೆಂದು ಎಂಟನೆಯ ಹಂತದಲ್ಲಿ ಹೇಳುತ್ತೇನೆ.

1. ಒಬ್ಬರನ್ನು ಆರಿಸಿಕೊಳ್ಳಿ

"ವಿಚಿತ್ರ ಜನರ ಸರಣಿ ಮಾಡುತ್ತೇನೆ" ಎಂದು ಹೊರಡಬೇಡಿ. ಆ ಮಾತಿನಲ್ಲೇ ನೀವು ಒಂದು ಕಡೆ, ಅವರು ಇನ್ನೊಂದು ಕಡೆ ಆಗಿಬಿಟ್ಟಿರಿ. ದಿನಾ ಹೋಗುವ ದಾರಿಯಲ್ಲಿ ನೀವು ಇದುವರೆಗೆ ಮುಖ ನೋಡದ ಒಬ್ಬರು ಖಂಡಿತ ಇದ್ದಾರೆ. ನಿಮ್ಮ ಕಚೇರಿಯ ಲಿಫ್ಟ್ ನಡೆಸುವವರು, ಬೆಳಗಿನ ಜಾವ ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರು, ತಾಲ್ಲೂಕು ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವರು. ಅವರಿಂದ ಶುರುಮಾಡಿ. ನೋಟಕ್ಕೆ ಅಸಾಮಾನ್ಯರಾದವರು, ಅಂದರೆ ಕುಳ್ಳಗಿರುವವರು, ಮೈಯೆಲ್ಲ ತೊನ್ನು ಇರುವವರು, ವೇಷ ಕಟ್ಟುವವರು, ಇವರೆಲ್ಲ ಆಮೇಲೆ ಬರಲಿ. ಜನ ದಿಟ್ಟಿಸಿ ನೋಡುವುದರಿಂದಲೇ ಅವರು ಬೇಸತ್ತಿರುತ್ತಾರೆ. ಕೈಯಲ್ಲಿ ಕ್ಯಾಮೆರಾ ಹಿಡಿದ ನೀವು ಆ ದಿಟ್ಟಿಸುವವರ ಸಾಲಿಗೆ ಇನ್ನೊಬ್ಬರು, ಅಷ್ಟೇ.

2. ಮೊದಲ ಎರಡು ಸಲ ಬರಿಗೈಯಲ್ಲಿ ಹೋಗಿ

ಮೊದಲ ಸಲ ಗಿರಾಕಿಯಾಗಿ ಹೋಗಿ. ಸಾಣೆ ಹಿಡಿಸಿ, ಕೊಡೆ ರಿಪೇರಿ ಮಾಡಿಸಿ, ಅರ್ಜಿ ಬರೆಸಿ. ಎರಡನೆಯ ಸಲ ಹತ್ತು ನಿಮಿಷ ಕೂತು ಕೆಲಸ ನೋಡಿ. ಆ ಹತ್ತು ನಿಮಿಷ ಏನು ನೋಡಬೇಕು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಕಲಾಯಿಯವರು ಪಾತ್ರೆಯನ್ನು ತಿಕ್ಕಿ, ಇದ್ದಿಲಿನ ಒಲೆಯ ಮೇಲೆ ಇಟ್ಟು ತಿದಿ ಒತ್ತುತ್ತಾರೆ. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಉದುರಿಸಿದ ಕೂಡಲೇ ದಟ್ಟ ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿಯನ್ನು ತಾಗಿಸಿ, ಅದು ಕರಗಿದೊಡನೆ ಹತ್ತಿಯಿಂದ ಸುತ್ತಲೂ ಒರೆಸುತ್ತಾರೆ. ಇದೆಲ್ಲ ಕೆಲವೇ ಸೆಕೆಂಡಿನ ಕೆಲಸ, ಆಗ ಅವರು ತಲೆ ಎತ್ತುವುದಿಲ್ಲ. ಹೊಸಬರೆಲ್ಲ ಆ ಹೊಗೆಗೇ ಕಾದು ಕೂರುತ್ತಾರೆ, ಹೊಗೆಯ ಫೋಟೋ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಇನ್ನೂ ಸ್ವಲ್ಪ ಕಾಯಿರಿ. ಪಾತ್ರೆಯನ್ನು ನೀರಿಗೆ ಅದ್ದಿ, ಚುಯ್ ಎಂದ ಮೇಲೆ ಎತ್ತಿ, ಒಳಗೆಲ್ಲಾದರೂ ಬಿಟ್ಟುಹೋಗಿದೆಯೇ ಎಂದು ಬೆಳಕಿಗೆ ಓರೆಮಾಡಿ ನೋಡುತ್ತಾರೆ. ಹೊಸ ತವರದ ಬೆಳ್ಳಗಿನ ಹೊಳಪು ಆಗ ಅವರ ಗಲ್ಲದ ಮೇಲೆ, ಕಣ್ಣಿನ ಕೆಳಗೆ ಬಿದ್ದಿರುತ್ತದೆ. ಯಾವ ಸ್ಟುಡಿಯೋದ ದೀಪವೂ ಕೊಡದ ಬೆಳಕು ಅದು. ಪ್ರತಿ ಪಾತ್ರೆಗೂ ಒಂದು ಸಲ ಆ ಕ್ಷಣ ಬರುತ್ತದೆ. ಹತ್ತು ಪಾತ್ರೆ ಇದ್ದರೆ ಹತ್ತು ಅವಕಾಶ. ಇದು ಗೊತ್ತಾಗುವುದು ಬರಿಗೈಯಲ್ಲಿ ಕೂತು ನೋಡಿದಾಗ ಮಾತ್ರ.

ಎಲ್ಲ ಕೆಲಸದಲ್ಲೂ ಹೀಗೊಂದು ತಲೆ ಎತ್ತುವ ಗಳಿಗೆ ಇರುತ್ತದೆ. ಸಾಣೆಯವರು ಚಾಕುವಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುವಾಗ, ಟೈಪಿಸುವವರು ಹಾಳೆ ಎಳೆದು ಓದಿಕೊಳ್ಳುವಾಗ.

ಅಮೆರಿಕದ ಫೋಟೋಗ್ರಾಫರ್ ಡಯಾನ್ ಆರ್ಬಸ್ ಹೆಸರನ್ನು ಈ ಬಗೆಯ ಫೋಟೋಗಳ ಮಾತು ಬಂದಾಗಲೆಲ್ಲ ಎತ್ತುತ್ತಾರೆ. ಮನೆಯ ಚಾವಣಿಗೆ ತಲೆ ತಗಲುವಷ್ಟು ಎತ್ತರದ ಒಬ್ಬ ವ್ಯಕ್ತಿ ತಂದೆತಾಯಿಯ ಮುಂದೆ ಬಾಗಿ ನಿಂತಿರುವ, 1970ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತೆಗೆದ ಚಿತ್ರ ಅವರದು. ಆ ವ್ಯಕ್ತಿಯೊಂದಿಗೆ ಅವರಿಗೆ ಸುಮಾರು ಹತ್ತು ವರ್ಷಗಳ ಪರಿಚಯವಿತ್ತು. ಆ ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಎತ್ತರ ಅಲ್ಲ, ಮಗನನ್ನು ತಲೆ ಎತ್ತಿ ನೋಡುತ್ತಿರುವ ತಾಯಿಯ ಮುಖ. ಮನೆಯೊಳಗೆ ಕರೆಸಿಕೊಳ್ಳುವಷ್ಟು ಪರಿಚಯ ಇಲ್ಲದಿದ್ದರೆ ಆ ತಾಯಿ ಚಿತ್ರದಲ್ಲಿ ಇರುತ್ತಲೇ ಇರಲಿಲ್ಲ. ಆರ್ಬಸ್ ತೆಗೆದ ಎಲ್ಲ ಚಿತ್ರಗಳೂ ಇಷ್ಟು ಮೃದುವಾಗಿವೆ ಎಂದು ನಾನು ಹೇಳಲಾರೆ. ಕೆಲವು ನನಗೆ ಈಗಲೂ ಕಸಿವಿಸಿ ಹುಟ್ಟಿಸುತ್ತವೆ.

3. ಕೇಳಿ, ಬಹುವಚನದಲ್ಲಿ ಕೇಳಿ

ನಮ್ಮವರಲ್ಲಿ ಬಹಳಷ್ಟು ಫೋಟೋಗ್ರಾಫರುಗಳು ಸೋಲುವುದು ಇಲ್ಲೇ. ಅಂಗಡಿ ಯಜಮಾನರಿಗೆ "ಸ್ವಲ್ಪ ಈ ಕಡೆ ತಿರುಗಿ ಸಾರ್" ಎನ್ನುವ ಬಾಯಿ, ಅದೇ ಅಂಗಡಿಯ ಮುಂದೆ ಮೂಟೆ ಇಳಿಸುವವರಿಗೆ "ಏಯ್, ಇಲ್ಲಿ ನೋಡು" ಎನ್ನುತ್ತದೆ. ವಯಸ್ಸಿನಲ್ಲಿ ದೊಡ್ಡವರಾದರೆ ಅಣ್ಣ, ಅಕ್ಕ, ಅಜ್ಜ, ಯಜಮಾನರೇ. ಧಾರವಾಡ ಕಲಬುರಗಿ ಕಡೆ ಕಾಕಾ, ಅವ್ವ. ಆಯಾ ಊರಿನ ಕರೆಯುವ ಬಗೆಯನ್ನು ಮೊದಲೆರಡು ಭೇಟಿಯಲ್ಲಿ ಕಿವಿಗೊಟ್ಟು ಕಲಿತುಕೊಳ್ಳಿ. ಅವರು ನಿಮ್ಮನ್ನು ಏಕವಚನದಲ್ಲಿ ಕರೆದರೆ ಸಂತೋಷಪಡಿ, ಆದರೆ ನೀವು ಬಹುವಚನ ಬಿಡಬೇಡಿ.

ಕೇಳುವಾಗ ಮೂರು ವಿಷಯ ಬಿಡಿಸಿ ಹೇಳಿ: ಫೋಟೋ ಏಕೆ, ಅದು ಎಲ್ಲಿ ಹೋಗುತ್ತದೆ, ಯಾರು ನೋಡುತ್ತಾರೆ. "ಸುಮ್ಮನೆ ಒಂದು ಫೋಟೋ" ಎನ್ನುವುದು ಸುಳ್ಳು. ಮೊಬೈಲಿನಲ್ಲಿ ಹಾಕುತ್ತೀರಾದರೆ, "ಇದನ್ನು ನಿಮ್ಮ ಊರಿನವರೂ ನೋಡಬಹುದು, ಪರವಾಗಿಲ್ಲವೇ?" ಎಂದೇ ಕೇಳಿ. ಕೆಲವರ ಮುಖ ಆಗ ಬದಲಾಗುತ್ತದೆ. ನಗರದಲ್ಲಿ ತಾನು ಏನು ಕೆಲಸ ಮಾಡುತ್ತೇನೆಂದು ಊರಿನಲ್ಲಿ ಹೇಳದವರು ಎಷ್ಟೋ ಜನ ಇದ್ದಾರೆ.

ಬೇಡ ಎಂದರೆ ಬೇಡ. ಎರಡನೆಯ ಸಲ ಪುಸಲಾಯಿಸಬೇಡಿ. "ಬೇಡ" ಎನ್ನದೆ ತಲೆ ತಗ್ಗಿಸಿ ನಕ್ಕು ಸುಮ್ಮನಾದರೂ ಅದು ಬೇಡವೇ. ನಮ್ಮ ಕಡೆ ಎದುರಿಗೆ ಇಲ್ಲ ಎನ್ನಲು ಸಂಕೋಚಪಡುವವರೇ ಹೆಚ್ಚು, ಆ ಸಂಕೋಚವನ್ನು ಒಪ್ಪಿಗೆ ಎಂದು ಎಣಿಸಿಕೊಳ್ಳುವುದು ಮೋಸ. ಇನ್ನು ಪೌರಕಾರ್ಮಿಕರ ಮೇಸ್ತ್ರಿ, ಅನಾಥಾಲಯದ ವಾರ್ಡನ್, ಮನೆಗೆಲಸದವರ ಮಾಲೀಕರು ಇಂಥವರ ಮೂಲಕ ಒಪ್ಪಿಗೆ ತೆಗೆದುಕೊಂಡರೆ ಅದು ಅವರ ಒಪ್ಪಿಗೆ, ಫೋಟೋದಲ್ಲಿ ಇರುವವರದ್ದಲ್ಲ.

4. ದುಡ್ಡಿನ ಮಾತು ಮೊದಲೇ ಮುಗಿಸಿ

ದುಡ್ಡು ಕೊಡುವುದು ಸರಿಯೇ ತಪ್ಪೇ ಎಂಬ ಜಗಳ ಹಳೆಯದು. ನನ್ನ ಲೆಕ್ಕ ಸರಳ. ಅವರ ಕೆಲಸದ ಹೊತ್ತು ತೆಗೆದುಕೊಂಡರೆ ಆ ಹೊತ್ತಿನ ಕೂಲಿ ಕೊಡಬೇಕು. ಹಗಲುವೇಷದವರು, ಬುಡಬುಡಿಕೆಯವರು, ದುರುಗಮುರಿಗಿಯವರು ಇವರಿಗೆ ತೋರಿಸುವುದೇ ಕಸುಬು, ಅವರ ವೇಷದ ಫೋಟೋ ತೆಗೆದು ಕೈ ಬೀಸಿ ಹೋಗುವುದು ಟಿಕೆಟ್ಟಿಲ್ಲದೆ ನಾಟಕ ನೋಡಿದಂತೆ. ಪತ್ರಿಕೆಗೆ ವರದಿ ಮಾಡುವವರಾದರೆ ನಿಮ್ಮ ಪತ್ರಿಕೆಯ ನಿಯಮ ಬೇರೆ ಇರಬಹುದು, ಅದನ್ನು ಪಾಲಿಸಿ.

ಎಷ್ಟು ಎಂಬುದನ್ನು ಕ್ಯಾಮೆರಾ ತೆಗೆಯುವ ಮೊದಲೇ ಮಾತನಾಡಿ. ಫೋಟೋ ಆದ ಮೇಲೆ ಜೇಬಿನಿಂದ ನೋಟು ತೆಗೆದು ಕೈಗೆ ತುರುಕುವುದು ಕೂಲಿ ಅಲ್ಲ, ಭಿಕ್ಷೆ. ಕೊಡುವ ರೀತಿಯಲ್ಲೇ ಎಲ್ಲ ಕೆಡಬಹುದು.

5. ಜಾಗ ಮತ್ತು ಬೆಳಕು

ಮಟಮಟ ಮಧ್ಯಾಹ್ನ ಬೇಡ, ಕಣ್ಣುಗಳು ಹಳ್ಳಕ್ಕೆ ಬಿದ್ದಂತೆ ಕಾಣುತ್ತವೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ಒಳ್ಳೆಯದು. ಆದರೆ ದುಡಿಯುವವರಿಗೆ ನಿಮ್ಮ ಬೆಳಕಿನ ಹೊತ್ತಿಗೆ ಬಿಡುವು ಇರುವುದಿಲ್ಲ. ಆಗ ನೆರಳಿಗೆ ಹೋಗಿ. ಜಗಲಿ, ಅಂಗಡಿಯ ತಗಡಿನ ಮಾಡಿನ ಅಂಚು, ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಇವೆಲ್ಲ ಪುಕ್ಕಟೆ ಸ್ಟುಡಿಯೋಗಳು. ಮುಖ ಹೊರಗಿನ ಬೆಳಕಿನ ಕಡೆ ಇರಲಿ. ಕಣ್ಣಿನ ಗುಡ್ಡೆಯಲ್ಲಿ ಒಂದು ಸಣ್ಣ ಬಿಳಿ ಚುಕ್ಕಿ ಕಾಣುತ್ತಿದೆಯೇ ನೋಡಿ. ಇದನ್ನು ಕ್ಯಾಚ್‌ಲೈಟ್ ಎನ್ನುತ್ತಾರೆ. ಅದು ಇಲ್ಲದಿದ್ದರೆ ಮುಖ ಮಂಕಾಗುತ್ತದೆ, ಗಲ್ಲ ಸ್ವಲ್ಪ ಎತ್ತಲು ಹೇಳಿದರೆ ಬರುತ್ತದೆ.

ಹಿಂದೆ ಬಟ್ಟೆ ಕಟ್ಟಬೇಕೇ ಬೇಡವೇ? ಕಟ್ಟುವ ದಾರಿಯಲ್ಲಿ ದೊಡ್ಡವರು ನಡೆದಿದ್ದಾರೆ. ಅಮೆರಿಕದ ಫೋಟೋಗ್ರಾಫರ್ ಇರ್ವಿಂಗ್ ಪೆನ್ 1950 ಮತ್ತು 1951ರಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕುಗಳಲ್ಲಿ ಮೀನು ಮಾರುವವರು, ಚಾಕು ಸಾಣೆಯವರು, ಚಿಮಣಿ ಗುಡಿಸುವವರು ಇವರನ್ನೆಲ್ಲ ಸ್ಟುಡಿಯೋಗೆ ಕರೆಸಿ, ಸಾದಾ ಬಟ್ಟೆಯ ಮುಂದೆ ಹಗಲಿನ ಬೆಳಕಿನಲ್ಲಿ, ಅವರವರ ಉಪಕರಣದ ಜೊತೆ ನಿಲ್ಲಿಸಿದರು. ರಿಚರ್ಡ್ ಅವೆಡನ್ 1979ರಿಂದ 1984ರವರೆಗೆ ಅಮೆರಿಕದ ಪಶ್ಚಿಮ ರಾಜ್ಯಗಳನ್ನು ಸುತ್ತಿ ಗಣಿ ಕಾರ್ಮಿಕರನ್ನು, ಅಲೆಮಾರಿಗಳನ್ನು, ಕಸಾಯಿಖಾನೆಯವರನ್ನು ನೆರಳಿನಲ್ಲಿ ಬಿಳಿ ಕಾಗದದ ಮುಂದೆ ತೆಗೆದರು. ಬಟ್ಟೆ ಕಟ್ಟಿದರೆ ಮನುಷ್ಯನ ಮೇಲೇ ಕಣ್ಣು ನಿಲ್ಲುತ್ತದೆ, ಬಡತನದ ಹಿನ್ನೆಲೆ ಮಾಯವಾಗುತ್ತದೆ. ಆದರೆ ಅವರ ಲೋಕವೂ ಮಾಯವಾಗುತ್ತದೆ. ಬಿಳಿಯ ಮುಂದೆ ನಿಂತವರು ಮ್ಯೂಸಿಯಮ್ಮಿನ ಪೆಟ್ಟಿಗೆಯಲ್ಲಿ ಇಟ್ಟ ಮಾದರಿಯಂತೆ ಕಾಣುವ ಅಪಾಯವೂ ಇದೆ. ಆದ್ದರಿಂದ ನಾನು ಬೂದು ಬಟ್ಟೆ ಕಟ್ಟುತ್ತೇನೆ, ಆದರೆ ಅದರ ಅಂಚು, ಕ್ಲಿಪ್ಪು, ಪಕ್ಕದ ಗೋಡೆ ಸ್ವಲ್ಪ ಕಾಣುವಂತೆಯೇ ಬಿಡುತ್ತೇನೆ. ಬಟ್ಟೆ ಹಿಡಿದ ಹುಡುಗನ ಕೈ ಚಿತ್ರದಲ್ಲಿ ಬಂದರೂ ಚಂದವೇ.

ಇನ್ನೂ ಒಳ್ಳೆಯದು, ಅವರ ಮನೆಯದೇ ಏನನ್ನಾದರೂ ಕಟ್ಟುವುದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೈಯಿಂದ ಕವಂದಿ ಎಂಬ ಕೌದಿ ಹೊಲಿಯುತ್ತಾರೆ. ಆಫ್ರಿಕಾ ಮೂಲದ ಈ ಸಮುದಾಯ ಹಲವು ತಲೆಮಾರುಗಳಿಂದ ಇಲ್ಲಿಯದು, 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಆದರೂ ಹೊರಗಿನಿಂದ ಹೋದ ಕ್ಯಾಮೆರಾಗಳಿಗೆಲ್ಲ ಅವರ ಕೂದಲೇ ಬೇಕು. ಕವಂದಿ ಹೊಲಿದವರನ್ನು ಅವರ ಕವಂದಿಯ ಮುಂದೆಯೇ ಕೂರಿಸಿ ನೋಡಿ, ಚಿತ್ರದ ಅರ್ಥವೇ ಬದಲಾಗುತ್ತದೆ.

6. ಕಪ್ಪು ಮೈಬಣ್ಣಕ್ಕೆ ಎಕ್ಸ್‌ಪೋಷರ್

ಎಕ್ಸ್‌ಪೋಷರ್ ಎಂದರೆ ಚಿತ್ರದೊಳಗೆ ಬಿಡುವ ಬೆಳಕಿನ ಪ್ರಮಾಣ. ಕ್ಯಾಮೆರಾದ ಮೀಟರ್ ಎದುರಿಗಿದ್ದದ್ದನ್ನೆಲ್ಲ ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಸುಣ್ಣ ಬಳಿದ ಗೋಡೆಯ ಮುಂದೆ ಕಪ್ಪು ಮೈಬಣ್ಣದವರನ್ನು ನಿಲ್ಲಿಸಿದರೆ, ಗೋಡೆಯ ಬಿಳುಪು ಕಂಡು ಮೀಟರ್ ಬೆಳಕು ಕಡಿಮೆ ಮಾಡುತ್ತದೆ, ಮುಖ ಇದ್ದಿಲಾಗುತ್ತದೆ. ಆಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು, ಅಂದರೆ ಮೀಟರಿನ ತೀರ್ಮಾನವನ್ನು ನೀವೇ ತಿದ್ದುವ ಗುಂಡಿಯನ್ನು, ಪ್ಲಸ್ 0.7ರಿಂದ ಪ್ಲಸ್ 1ಕ್ಕೆ ಏರಿಸಿ. ಕಪ್ಪು ಬಟ್ಟೆಯ ಮುಂದೆ ಇದಕ್ಕೆ ತದ್ವಿರುದ್ಧ: ಮೀಟರ್ ಬೆಳಕು ಹೆಚ್ಚು ಬಿಡುತ್ತದೆ, ಚರ್ಮ ಬೂದಿ ಬಳಿದಂತಾಗಿ ಅದರ ಹೊಳಪು ಹೋಗುತ್ತದೆ. ಆಗ ಮೈನಸ್ 0.7. ಮೊಬೈಲಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಜಾರಿಸಿ.

ಫಿಲ್ಮಿನ ಕಾಲದಲ್ಲಿ ಲ್ಯಾಬುಗಳು ಬಣ್ಣ ಹೊಂದಿಸಲು ಬಳಸುತ್ತಿದ್ದ ಮಾದರಿ ಕಾರ್ಡಿನಲ್ಲಿ ಬಹುಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ, ಷರ್ಲಿ ಕಾರ್ಡ್ ಎಂದು ಅದರ ಹೆಸರು. ನಮ್ಮ ಹಳೆಯ ಮದುವೆ ಆಲ್ಬಮ್ಮುಗಳಲ್ಲಿ ಅಜ್ಜಂದಿರ ಮುಖ ಕಪ್ಪಿಟ್ಟಿದ್ದರೆ ತಪ್ಪು ಅವರ ಬಣ್ಣದ್ದಲ್ಲ. ಈಗಿನ ಮೊಬೈಲುಗಳ ರೋಗ ಬೇರೆ: ಕೇಳದಿದ್ದರೂ ಮುಖ ಬೆಳ್ಳಗೆ ಮಾಡಿ, ಚರ್ಮ ಉಜ್ಜಿ ನಯ ಮಾಡುತ್ತವೆ. ಬ್ಯೂಟಿ ಎಂಬ ಆಯ್ಕೆಯನ್ನು ಪೂರ್ತಿ ಸೊನ್ನೆಗೆ ತನ್ನಿ.

ದೂರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಎರಡು ಅಡಿ ಹತ್ತಿರ ಹೋದರೆ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. 2ಎಕ್ಸ್ ಒತ್ತಿ ಐದಾರು ಅಡಿ ದೂರ ನಿಲ್ಲಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಕೆದರಿದ ಕೂದಲು, ವಾದ್ಯದ ತಂತಿ, ಚವರಿ ಇಂಥವನ್ನು ನುಂಗಿಹಾಕುತ್ತದೆ. ನಾನು ಬಳಸುವುದಿಲ್ಲ.

7. ಈಗ ತೆಗೆಯಿರಿ: ಮೊದಲು ಅವರದು

"ನಿಮಗೆ ಹೇಗೆ ನಿಲ್ಲಬೇಕು ಅನಿಸುತ್ತದೆಯೋ ಹಾಗೆ ನಿಲ್ಲಿ" ಎಂದು ಹೇಳಿ, ಕಾಯಿರಿ. ಬಹಳ ಜನ ನೆಟ್ಟಗೆ ನಿಂತು, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ನಗು ನುಂಗಿಕೊಂಡು ಕ್ಯಾಮೆರಾ ನೋಡುತ್ತಾರೆ. ಪಾಸ್‌ಪೋರ್ಟ್ ಫೋಟೋದಂತೆ ಬಿಗಿಯಾಗಿದೆ ಎಂದು ಹೊಸಬರು ತಕ್ಷಣ ತಿದ್ದಲು ಹೋಗುತ್ತಾರೆ. ತಿದ್ದಬೇಡಿ. ಹಲವರ ಮನೆಯಲ್ಲಿ ಇರುವ ಒಂದೇ ಒಂದು ಫೋಟೋ ಆಧಾರ್ ಕಾರ್ಡಿನದು. ನೀವು ತೆಗೆಯುವುದು ಮುಂದೆ ಒಂದು ದಿನ ಗೋಡೆಯ ಮೇಲೆ ಹಾರ ಹಾಕಿಸಿಕೊಳ್ಳುವ ಫೋಟೋ ಆಗಬಹುದು. ವಯಸ್ಸಾದವರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಯೂ ಬಿಡುತ್ತಾರೆ. ಆದ್ದರಿಂದ ತಲೆ ಬಾಚಿಕೊಳ್ಳಲು, ಶರ್ಟ್ ಬದಲಿಸಲು, ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು, ಪಕ್ಕದಲ್ಲಿ ಹೆಂಡತಿಯನ್ನು ನಿಲ್ಲಿಸಿಕೊಳ್ಳಲು ಸಮಯ ಕೊಡಿ. ಅಡಿಯಿಂದ ಮುಡಿಯವರೆಗೆ ಒಂದು, ಸೊಂಟದಿಂದ ಮೇಲೆ ಒಂದು. ಬಣ್ಣದಲ್ಲಿ.

ಪೆನ್ ಅವರಿಗೂ ಇದೇ ಆಗಿತ್ತು. ಕೆಲಸದ ಬಟ್ಟೆಯಲ್ಲೇ ಬನ್ನಿ ಎಂದು ಎಷ್ಟು ಹೇಳಿದರೂ ನ್ಯೂಯಾರ್ಕಿನ ಕೆಲವರು ಗಡ್ಡ ಹೆರೆದು, ಭಾನುವಾರದ ಕಪ್ಪು ಸೂಟು ತೊಟ್ಟು ಬಂದರಂತೆ. ನಮ್ಮ ಅಜ್ಜಿಯ ಹೊಸ ಸೀರೆ ಇದ್ದ ಹಾಗೆ.

ನೆಟ್ಟಗೆ ನಿಂತ ಭಂಗಿಯೇ ಎಷ್ಟು ದೊಡ್ಡ ಚಿತ್ರವಾಗಬಹುದು ಎಂಬುದಕ್ಕೆ ಜರ್ಮನಿಯ ಆಗಸ್ಟ್ ಸಾಂಡರ್ ಸಾಕ್ಷಿ. ರೈತರು, ವಕೀಲರು, ಸರ್ಕಸ್ಸಿನವರು, ಕುರುಡು ಮಕ್ಕಳು, ನಿರುದ್ಯೋಗಿಗಳು ಎಂದು ತನ್ನ ಕಾಲದ ಎಲ್ಲ ಬಗೆಯ ಜನರನ್ನು ದಶಕಗಳ ಕಾಲ ತೆಗೆದವರು ಅವರು. 1928ರ ಒಂದು ಚಿತ್ರದಲ್ಲಿ ಮಿಠಾಯಿ ಮಾಡುವ ದಪ್ಪ ಮನುಷ್ಯರೊಬ್ಬರು ಬಿಳಿ ಕೋಟು ತೊಟ್ಟು, ಕೈಯಲ್ಲಿ ಕಲಸುವ ಬೋಗುಣಿ ಹಿಡಿದು, ರಾಜನಂತೆ ನಿಂತಿದ್ದಾರೆ. ಸಾಂಡರ್ ಅವರನ್ನು ಬಾಗಿಸಲೂ ಇಲ್ಲ, ನಗಿಸಲೂ ಇಲ್ಲ. ಜನರನ್ನು ಇದ್ದ ಹಾಗೆ ತೋರಿಸಿದ್ದು ನಾಜಿಗಳಿಗೆ ಹಿಡಿಸಲಿಲ್ಲ. 1936ರಲ್ಲಿ ಅವರ ಪುಸ್ತಕದ ಪ್ರತಿಗಳನ್ನು ವಶಪಡಿಸಿಕೊಂಡು ಮುದ್ರಣದ ಅಚ್ಚುಗಳನ್ನು ನಾಶಮಾಡಿದರು.

ಕ್ಯಾಮೆರಾದ ಎತ್ತರ ಅವರ ಕಣ್ಣಿನ ಮಟ್ಟಕ್ಕೆ ಇರಲಿ. ಅವರು ನೆಲದ ಮೇಲೆ ಕೂತಿದ್ದರೆ ನೀವೂ ನೆಲದ ಮೇಲೆ ಕೂರಿ. ನಿಂತುಕೊಂಡೇ ಮೇಲಿನಿಂದ ತೆಗೆದ ಒಂದೇ ಫೋಟೋ ಮನುಷ್ಯರನ್ನು ಭಿಕ್ಷುಕರನ್ನಾಗಿ ಮಾಡುತ್ತದೆ. ಕುಳ್ಳಗಿರುವವರ ವಿಷಯದಲ್ಲಿ ಇದನ್ನು ಮರೆತರೆ ಕ್ಷಮೆಯೇ ಇಲ್ಲ. ಕ್ಯಾಮೆರಾವನ್ನು ಎದೆಯ ಮುಂದೆ ಹಿಡಿದು ಪರದೆ ನೋಡಿ ತೆಗೆದರೆ ನಿಮ್ಮ ಮುಖ ಅವರಿಗೆ ಕಾಣುತ್ತಿರುತ್ತದೆ, ಮಾತು ಮುಂದುವರಿಯುತ್ತದೆ.

ಅವರ ಫೋಟೋ ಆದ ಮೇಲೆ ತೋರಿಸಿ. ಇಷ್ಟವಾಗದಿದ್ದರೆ ಮತ್ತೆ ತೆಗೆಯಿರಿ. ಇಷ್ಟವಾದ ಮೇಲೆ ಹೆಗಲು ಇಳಿಯುತ್ತದೆ, ಮುಖ ಸಡಿಲಾಗುತ್ತದೆ. ನಿಮ್ಮ ಫೋಟೋದ ಸಮಯ ಈಗ ಬಂತು. ಕೆಲಸಕ್ಕೆ ಮರಳಲು ಹೇಳಿ, ಎರಡನೆಯ ಹಂತದಲ್ಲಿ ಗುರುತಿಸಿಕೊಂಡ ಆ ತಲೆ ಎತ್ತುವ ಗಳಿಗೆಗೆ ಕಾಯಿರಿ. ಕೂತವರಿಗೆ ಷಟರ್ ವೇಗ ಸೆಕೆಂಡಿನ 125ನೆಯ ಒಂದು ಭಾಗ, ಕೈ ಆಡುತ್ತಿದ್ದರೆ 250ನೆಯ ಒಂದು ಭಾಗ. ಸಾಣೆಕಲ್ಲಿನ ಕಿಡಿ ಗೆರೆಗೆರೆಯಾಗಿ ಬರಬೇಕೆಂದರೆ 30ನೆಯ ಒಂದು ಭಾಗಕ್ಕೆ ಇಳಿಸಿ, ಮೊಣಕೈಯನ್ನು ಮಂಡಿಗೆ ಊರಿ ಉಸಿರು ಹಿಡಿದು ತೆಗೆಯಿರಿ.

ಇಲ್ಲಿ ಎಲ್ಲರೂ ಬೀಳುವ ಹಳ್ಳಗಳು ಕೆಲವಿವೆ. ದುರುಗಮುರಿಗಿಯವರೆಂದರೆ ಎತ್ತಿದ ಚಾಟಿ, ಜೋಗತಿಯರೆಂದರೆ ತಲೆಯ ಮೇಲಿನ ಕೊಡ, ಮುದುಕರೆಂದರೆ ಬೀಡಿಯ ಹೊಗೆ. ಈ ಫೋಟೋಗಳು ಈಗಾಗಲೇ ಸಾವಿರ ಇವೆ. ಚಾಟಿ ಕೆಳಗಿಟ್ಟು ಟೀ ಕುಡಿಯುವಾಗ ಆ ಮನುಷ್ಯ ಹೇಗಿರುತ್ತಾರೆ ಎಂಬುದು ನನಗೆ ಹೆಚ್ಚು ಬೇಕು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪುಬಿಳುಪಿನ ಚಿತ್ರಗಳನ್ನು ಸಿಕ್ಕರೆ ನಿಧಾನವಾಗಿ ನೋಡಿ. ಅಲ್ಲಿನ ಸಾಮಾನ್ಯ ಜನ ಕ್ಯಾಮೆರಾಗೆ ಏನನ್ನೂ ಆಡಿ ತೋರಿಸುತ್ತಿಲ್ಲ. ಅವರವರ ಕೆಲಸದಲ್ಲಿ, ಆಟದಲ್ಲಿ ಇದ್ದಾರೆ.

8. ಹೆಸರು ಬರೆದುಕೊಳ್ಳಿ

ಜಾಗ ಬಿಡುವ ಮೊದಲು ನೋಟುಪುಸ್ತಕ ತೆಗೆಯಿರಿ. ಹೆಸರು, ಊರು, ಕೆಲಸವನ್ನು ಅವರೇ ಕರೆಯುವ ಹೆಸರು, ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ, ಫೋಟೋ ಎಲ್ಲಿಗೆ ತಲುಪಿಸಬೇಕು, ಯಾವುದಕ್ಕೆ ಒಪ್ಪಿದ್ದಾರೆ, ಯಾವುದಕ್ಕೆ ಇಲ್ಲ. ಬರೆದದ್ದನ್ನು ಅವರಿಗೇ ಓದಿ ಹೇಳಿ. ರಾತ್ರಿ ನೆನಪಿನಿಂದ ಬರೆಯುತ್ತೇನೆ ಎಂದರೆ ಅರ್ಧ ನಿಮ್ಮ ಕಲ್ಪನೆಯೇ ಸೇರಿಕೊಳ್ಳುತ್ತದೆ.

1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ತಾಯಿಯ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಗಲ್ಲಕ್ಕೆ ಕೈ, ಎರಡೂ ಹೆಗಲ ಮೇಲೆ ಮುಖ ತಿರುಗಿಸಿಕೊಂಡ ಮಕ್ಕಳು. ಲ್ಯಾಂಗ್ ಆಕೆಯ ಹೆಸರು ಕೇಳಲಿಲ್ಲ. ಆ ತಾಯಿ ಫ್ಲಾರೆನ್ಸ್ ಓವನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ತನಗೆ ಆ ಚಿತ್ರದಿಂದ ಒಂದು ಕಾಸೂ ಬರಲಿಲ್ಲ ಎಂಬ ನೋವು ಆಕೆಗಿತ್ತು. ಚಿತ್ರದ ಜೊತೆ ಹೋದ ಟಿಪ್ಪಣಿಯಲ್ಲಿ ಕಾರಿನ ಟೈರು ಮಾರಿ ಅನ್ನ ತಂದರೆಂದು ಇತ್ತು. ತಾವು ಟೈರು ಮಾರಿಯೇ ಇರಲಿಲ್ಲ ಎಂದು ಆಕೆಯ ಮಗ ಆಮೇಲೆ ಹೇಳಿದರು. 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದ ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಕಥೆಯೂ ಇದೇ. ಶರ್ಬತ್ ಗುಲಾ ಎಂಬ ಆಕೆಯ ಹೆಸರು ಗೊತ್ತಾಗಲು 2002 ಬರಬೇಕಾಯಿತು. ಲೋಕವೆಲ್ಲ ನೋಡಿದ ಎರಡು ಮುಖಗಳು, ಕೇಳಲು ಅರ್ಧ ನಿಮಿಷ ಸಾಕಾಗುತ್ತಿದ್ದ ಎರಡು ಹೆಸರುಗಳು.

ಚಿತ್ರದ ಅಡಿಬರಹದಲ್ಲಿ "ನತದೃಷ್ಟ", "ಪಾಪದ ಜೀವ", "ಬಡತನದಲ್ಲೂ ನಗು" ಇಂಥವನ್ನು ಬರೆಯಬೇಡಿ. ಜಾತಿಯ ಹೆಸರು, ಕಾಯಿಲೆಯ ಹೆಸರು ಅವರೇ ಹೇಳಿ, ಬರೆಯಿರಿ ಎಂದರೆ ಮಾತ್ರ. ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಒಬ್ಬರು ಜೋಗತಿ ಎಂದು ಕರೆಸಿಕೊಳ್ಳಲು ಇಷ್ಟಪಡಬಹುದು, ಇನ್ನೊಬ್ಬರಿಗೆ ಅದು ಒಪ್ಪದಿರಬಹುದು. ಮಂಜಮ್ಮ ಜೋಗತಿ ಅವರು ಅದೇ ಹೆಸರಿನಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಆ ಹೆಸರನ್ನು ಆರಿಸಿಕೊಂಡದ್ದು ಅವರು. ನೀವು ಯಾರಿಗೂ ಅಂಟಿಸುವಂತಿಲ್ಲ.

9. ಹೊರಗೆ ಬಿಡುವ ಮೊದಲು

ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕೇ ಬೇಕು. ಬಾಲಮಂದಿರದಲ್ಲಿರುವ, ರಕ್ಷಣೆ ಮತ್ತು ಪೋಷಣೆಯ ಅಗತ್ಯವಿರುವ, ಅಥವಾ ಕಾನೂನಿನ ಸಂಘರ್ಷಕ್ಕೆ ಒಳಗಾದ ಮಕ್ಕಳ ಗುರುತು ತಿಳಿಯುವಂತೆ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ನಿಷೇಧಿಸುತ್ತದೆ. ಮುಖ ಮಸುಕು ಮಾಡಿದರೂ, ಶಾಲೆಯ ಸಮವಸ್ತ್ರ, ಊರಿನ ಬೋರ್ಡು ಕಾಣುವಂತೆ ಬಿಟ್ಟರೆ ಗುರುತು ಸಿಕ್ಕೇ ಸಿಗುತ್ತದೆ.

ದೊಡ್ಡವರಲ್ಲೂ ಮಾಜಿ ದೇವದಾಸಿಯರು, ಕುಷ್ಠದಿಂದ ಗುಣವಾದವರು, ಲೈಂಗಿಕ ಕಾರ್ಯಕರ್ತೆಯರು ಇವರ ಮುಖ ಒಮ್ಮೆ ಹೊರಗೆ ಹೋದರೆ ಪೆಟ್ಟು ಬೀಳುವುದು ಹೆಚ್ಚಾಗಿ ಮಕ್ಕಳಿಗೆ. ಶಾಲೆಯಲ್ಲಿ, ಮದುವೆಯ ಮಾತುಕತೆಯಲ್ಲಿ. ಅವರೇ ಒಪ್ಪಿದ್ದರೂ ಒಂದು ವಾರ ಬಿಟ್ಟು ಮತ್ತೆ ಕೇಳಿ. ಆಗ ಬೇಡ ಎಂದರೆ ಒಳ್ಳೆಯ ಫೋಟೋ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅಂಥವು ಇವೆ, ನಾನು ತೆಗೆದವುಗಳಲ್ಲೇ ಅತ್ಯುತ್ತಮವಾದವು ಎಂದು ನನಗನ್ನಿಸುವ ಎರಡೂ ಅದರಲ್ಲಿ ಸೇರಿವೆ. ಉರಿದುಕೊಳ್ಳಲಿ ಬಿಡಿ.

10. ಪ್ರಿಂಟ್ ತಲುಪಿಸಿ

ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತೇನೆ ಎಂಬುದು ಫೋಟೋ ಕೊಟ್ಟಂತಲ್ಲ. ಮೊಬೈಲ್ ಮೊಮ್ಮಗನದಾಗಿರುತ್ತದೆ, ಅವನು ಜಾಗ ಸಾಲದೆಂದು ಅಳಿಸಿರುತ್ತಾನೆ. ಏಳನೆಯ ಹಂತದಲ್ಲಿ ಅವರಿಗಾಗಿ ತೆಗೆದ ಫೋಟೋವನ್ನೇ ಊರಿನ ಯಾವುದಾದರೂ ಕಲರ್ ಲ್ಯಾಬಿನಲ್ಲಿ 6x8 ಅಂಗುಲದ ಪ್ರಿಂಟ್ ಹಾಕಿಸಿ. ಗುಡಿಸಲಿನ ಗೋಡೆಯ ತೇವಕ್ಕೆ ಪ್ರಿಂಟ್ ಬೇಗ ಕೆಡುತ್ತದೆ, ಆದ್ದರಿಂದ ಲ್ಯಾಮಿನೇಷನ್ ಮಾಡಿಸಿ, ಅಥವಾ ಚೌಕಟ್ಟು ಹಾಕಿಸಿದರೆ ಇನ್ನೂ ಒಳ್ಳೆಯದು. ಹಿಂದೆ ಅವರ ಹೆಸರು, ದಿನಾಂಕ ಬರೆಯಿರಿ. ಲ್ಯಾಮಿನೇಷನ್‌ಗೆ ಮೊದಲೇ ಬರೆಯಿರಿ, ಆಮೇಲೆ ಪೆನ್ನು ಹತ್ತುವುದಿಲ್ಲ.

ಒಂದು ತಿಂಗಳೊಳಗೆ ತಲುಪಿಸಿ. ಅಲೆಮಾರಿಗಳು ಅದೇ ಜಾಗದಲ್ಲಿ ಇರುವುದಿಲ್ಲ, ಮುಂದಿನ ಜಾತ್ರೆ ಯಾವ ಊರಿನದು ಎಂದು ಮೊದಲೇ ಕೇಳಿ ಬರೆದುಕೊಂಡಿದ್ದರೆ ಅಲ್ಲಿ ಸಿಗುತ್ತಾರೆ. ಅಂಚೆಯಲ್ಲಿ ಕಳಿಸುವುದಾದರೆ ಎರಡು ದಪ್ಪ ರಟ್ಟಿನ ನಡುವೆ ಇಟ್ಟು, ಅಂಚು ಸುತ್ತ ಟೇಪು ಹಾಕಿ, ಲಕೋಟೆಯ ಎರಡೂ ಬದಿಗೆ "ಫೋಟೋ ಇದೆ, ಮಡಚಬೇಡಿ" ಎಂದು ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ. ವಿಳಾಸದಲ್ಲಿ ಹತ್ತಿರದ ಅಂಗಡಿಯ ಹೆಸರೂ ಇರಲಿ. ಬೀದಿಯಲ್ಲಿ ಬದುಕುವವರನ್ನು ಅಂಚೆಯವರು ಹುಡುಕುವುದು ಅಂಗಡಿಯವರನ್ನು ಕೇಳಿಯೇ.